ರಿಪೋರ್ಟು ಖಚಿತವಾಗಿ ಹೇಳದಿದ್ದಾಗ



ವೈದ್ಯರು, ಲ್ಯಾಬ್ ಟೆಕ್ನಿಷಿಯನ್ನರು, ಶುಶ್ರೂಷಕಿಯರು, ಆಶಾ ಅಕ್ಕಂದಿರು ಸೇರಿದ ಈ ಸಮಾವೇಶ ದೊಡ್ಡ ಊರಿನ ಸಭಾಂಗಣದಲ್ಲಿ ನಡೆಯದೆ ಇಲ್ಲಿ, ಪಾಮನಕಲ್ಲೂರಿನಲ್ಲಿ ನಡೆಯುತ್ತಿರುವುದು ನನಗೆ ಸಂತೋಷದ ಸಂಗತಿ. ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಲ್ಯಾಬುಗಳಲ್ಲಿ ರಕ್ತ ಕೊಟ್ಟು, ಇಂಗ್ಲಿಷಿನ ಚೀಟಿ ಹಿಡಿದು ಊರಿಗೆ ಮರಳುವವರ ಬಗ್ಗೆಯೇ ನಾನು ಮಾತನಾಡಬೇಕೆಂದಿದ್ದೇನೆ.

ವಿಡಾಲ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. 1896ರಲ್ಲಿ ಫ್ರಾನ್ಸಿನ ವಿಡಾಲ್ ರೂಢಿಗೆ ತಂದದ್ದು. ಅಗ್ಗ, ಬೇಗ ಆಗುತ್ತದೆ, ಎಲ್ಲೆಡೆ ಸಿಗುತ್ತದೆ. ಆದರೆ ಅದು ಟೈಫಾಯಿಡ್ ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಅಳೆಯುತ್ತದೆ. ಎಂದೋ ಬಂದುಹೋದ ಟೈಫಾಯಿಡ್, ಹಾಕಿಸಿಕೊಂಡ ಲಸಿಕೆ, ಕೆಲವೊಮ್ಮೆ ಮಲೇರಿಯಾ ಸಹ ಅದನ್ನು ಪಾಸಿಟಿವ್ ಮಾಡಬಲ್ಲವು. ನಿಜವಾದ ಟೈಫಾಯಿಡ್ ಇದ್ದೂ ಮೊದಲ ವಾರ ನೆಗೆಟಿವ್ ಬರಬಹುದು. ವಾರ, ಹತ್ತು ದಿನ ಬಿಟ್ಟು ಮತ್ತೆ ರಕ್ತ ತೆಗೆದು, ಪ್ರಮಾಣ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಿದರೆ ಮಾತ್ರ ಅದಕ್ಕೊಂದು ತೂಕ. ರಕ್ತದ ಕಲ್ಚರ್ ಇದಕ್ಕಿಂತ ಮೇಲು, ನಿಜ. ಅದೂ ಹತ್ತು ರೋಗಿಗಳಲ್ಲಿ ಸುಮಾರು ಆರು ಮಂದಿಯನ್ನಷ್ಟೇ ಹಿಡಿಯುತ್ತದೆ.

ಇಲ್ಲಿ ಕುಳಿತ ವೈದ್ಯರಿಗೆಲ್ಲ ಇದು ಗೊತ್ತು. ರೋಗಿಗೆ ಮಾತ್ರ ಗೊತ್ತಾಗುವುದಿಲ್ಲ. ಪ್ರತಿಕಾಯದ ಪ್ರಮಾಣ 1:80 ಎಂದು ಬಂದ ಒಂದೇ ಚೀಟಿ ನೋಡಿ “ಟೈಫಾಯಿಡ್ ಐತಿ” ಎಂದುಬಿಡುತ್ತೇವೆ. ಆಮೇಲೆ ಗ್ಲುಕೋಸ್ ಬಾಟಲಿ, ದಿನಾ ಇಂಜೆಕ್ಷನ್, ಕೈಗಡ. ಮುಂದಿನ ವರ್ಷ ಜ್ವರ ಬಂದಾಗ ಅದೇ ಮನುಷ್ಯ “ನನಗ ಟೈಫಾಯಿಡ್ ರಕ್ತದಾಗ ಕುಂತೈತ್ರಿ ಸಾಹೇಬ್ರ” ಅನ್ನುತ್ತಾನೆ. ಆ ನಂಬಿಕೆಯನ್ನು ಅವನ ತಲೆಯಲ್ಲಿ ಬಿತ್ತಿದ್ದು ನಮ್ಮ ಅವಸರದ ಮಾತು.

“ಇನ್ನೂ ಗೊತ್ತಾಗಿಲ್ಲ” ಎಂದರೆ ಜನ ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆಂಬ ಅಂಜಿಕೆ ನಮ್ಮಲ್ಲಿದೆ. ಅದು ಸುಳ್ಳು ಅಂಜಿಕೆಯಲ್ಲ. ಬರಿ “ಗೊತ್ತಿಲ್ಲ” ಎಂದು ಕೈಚೆಲ್ಲಿದರೆ ಯಾರಾದರೂ ಎದ್ದು ಹೋಗುತ್ತಾರೆ. “ಇವತ್ತಿನ ರಕ್ತದಾಗ ಖಾತ್ರಿ ಆಗಿಲ್ಲ, ನನಗ ಇದರ ಮ್ಯಾಲೆ ಅನುಮಾನ ಐತಿ, ಇಂಥಾ ದಿನ ಮತ್ತ ನೋಡೋಣು, ಅಲ್ಲಿತನಕ ಹಿಂಗಾದ್ರ ಆ ಹೊತ್ತಿಗೇ ಬರ್ರಿ” ಎಂದು ಕೂರಿಸಿ ಹೇಳಿದರೆ ಕೇಳುತ್ತಾರೆ.

ಆದರೆ ದಿನ ಹೇಳುವ ಮೊದಲು ಇನ್ನೊಂದನ್ನು ಕೇಳಬೇಕು: “ಹತ್ತು ದಿನಕ್ಕ ನೀವು ಎಲ್ಲಿರ್ತೀರಿ?” ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಬೆಂಗಳೂರಿಗೆ ಗುಳೆ ಹೋಗುತ್ತದೆ. ನಾವು ಎರಡನೇ ರಕ್ತಕ್ಕೆ ಕರೆದ ದಿನ ರೋಗಿ ಅಲ್ಲಿ ಯಾವುದೋ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿರುತ್ತಾನೆ. ಊರಲ್ಲೇ ಇರುವವರ ಹೆಸರನ್ನು ಆಶಾ ಕಾರ್ಯಕರ್ತೆಗೆ ಕೊಡಬಹುದು. ಗುಳೆ ಹೋಗುವವರ ಕೈಯಲ್ಲಿ, ಅಲ್ಲಿನ ವೈದ್ಯರು ಓದಬಲ್ಲ ಚೀಟಿ ಇರಬೇಕು: ರಕ್ತ ತೆಗೆದದ್ದು ಜ್ವರದ ಎಷ್ಟನೇ ದಿನ, ಅನುಮಾನ ಯಾವುದರದು, ಯಾವ ಔಷಧ ಶುರುವಾಗಿದೆ.

ಡೆಂಗಿ ವಿಷಯದಲ್ಲಂತೂ ಅರ್ಧ ಮಾತು ಜೀವಕ್ಕೇ ಎರವಾಗಬಹುದು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು, ಖಾಸಗಿ ಲ್ಯಾಬುಗಳ ಪರೀಕ್ಷಾ ದರಕ್ಕೂ ಮಿತಿ ಹಾಕಿತು. ಒಳ್ಳೆಯದಾಯಿತು. ಆದರೆ ಪರೀಕ್ಷೆಗೂ ಅದರದೇ ಮಿತಿಯಿದೆ. ಎನ್‌ಎಸ್‌1 ಎಂಬ ವೈರಸ್ಸಿನ ಅಂಶ ಜ್ವರದ ಮೊದಲ ನಾಲ್ಕೈದು ದಿನ ಸಿಗುತ್ತದೆ, ಐಜಿಎಂ ಪ್ರತಿಕಾಯ ಆಮೇಲೆ ಏರುತ್ತದೆ. ನಡುವೆ ರಕ್ತ ಕೊಟ್ಟವರಿಗೆ ಎರಡೂ ನೆಗೆಟಿವ್ ಬರಬಹುದು. “ಡೆಂಗಿ ಇಲ್ಲ” ಎಂದು ಕಳಿಸಿದ ಮರುದಿನ ಜ್ವರವೂ ಇಳಿಯುತ್ತದೆ, ಮನೆಯವರು ನಿರಾಳವಾಗುತ್ತಾರೆ. ಅಪಾಯದ ಕಾಲ ಶುರುವಾಗುವುದು ಆಗಲೇ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ಮಗು ಮಂಕಾಗುವುದು, ಇವನ್ನು ತಾಯಿಗೆ ಹೇಳಿ, ಆಕೆಯ ಬಾಯಿಂದಲೇ ತಿರುಗಿ ಹೇಳಿಸಬೇಕು. ನೆಗೆಟಿವ್ ಬಂದಿದ್ದರೂ ಹೇಳಿಸಬೇಕು.

ಹೀಗೆ ಕೂರಿಸಿ ವಿವರಿಸುವುದು ನಮ್ಮ ಆಸ್ಪತ್ರೆಗಳಲ್ಲಿ ಆಗದ ಕೆಲಸವಲ್ಲ. ಐಸಿಟಿಸಿ ಎಂಬ ಸಮಾಲೋಚನೆ-ಪರೀಕ್ಷಾ ಕೋಣೆಯಲ್ಲಿ ಎಚ್‌ಐವಿ ಪರೀಕ್ಷೆಗೆ ಮುನ್ನ ಒಮ್ಮೆ, ಆದಮೇಲೆ ಒಮ್ಮೆ ಆಪ್ತಸಮಾಲೋಚಕರು ಕೂತು ಮಾತಾಡುತ್ತಾರೆ. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಗೆ ಕಾಣದಿರಬಹುದೆಂದು ತಿಳಿಸುತ್ತಾರೆ. ಫಲಿತಾಂಶ ಅತ್ತಲೂ ಇತ್ತಲೂ ವಾಲದಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಬರಹೇಳುತ್ತಾರೆ. ಅಷ್ಟು ಭಯ, ಅಷ್ಟು ಕಳಂಕ ಸುತ್ತಿಕೊಂಡ ರೋಗದಲ್ಲೇ ಇದನ್ನು ಕಲಿತಿದ್ದೇವೆ. ಜ್ವರದ ರೋಗಿಗೆ ಐದು ನಿಮಿಷ ಯಾಕೆ ಸಿಗಬಾರದು? ಹೊರಗೆ ಸಾಲು ಉದ್ದವಿದೆ, ಬಲ್ಲೆ. ಹಾಗಾದರೆ ಆ ಐದು ನಿಮಿಷಕ್ಕೆ ಸಮಾಲೋಚಕರನ್ನು ಕೊಡಿ ಎಂದು ಸರ್ಕಾರವನ್ನು ಕೇಳೋಣ. ಇದ್ದದ್ದನ್ನು ಇದ್ದಂತೆ ಹೇಳುವುದು ನಮ್ಮ ಕರ್ತವ್ಯವೂ ಹೌದು: ರೋಗದ ತೀವ್ರತೆಯನ್ನು ಹಿಗ್ಗಿಸಲೂಬಾರದು, ಕುಗ್ಗಿಸಲೂಬಾರದು ಎಂದು ವೈದ್ಯರ ನಡವಳಿಕೆಯ 2002ರ ನಿಯಮಗಳೇ ಹೇಳುತ್ತವೆ.

ಸಂಜೆಯ ನಿರ್ಣಯದಲ್ಲಿ ನಾನು ಬೇಡುವುದು ಒಂದೇ: ಖಚಿತವಾಗದ ಪ್ರತಿ ರಿಪೋರ್ಟಿನ ಜೊತೆ ದೊಡ್ಡ ಅಕ್ಷರದ ಕನ್ನಡ ಚೀಟಿ. ಅದರ ಕರಡು ಮುಂದಿನ ಸಾಲಿನ ಮೇಜಿನ ಮೇಲಿದೆ. ಆಶಾ ಅಕ್ಕಂದಿರು ಊಟಕ್ಕೇಳುವ ಮೊದಲು ಅದನ್ನು ಓದಿ, ಊರಿನವರಿಗೆ ಅರ್ಥವಾಗದ ಸಾಲುಗಳನ್ನು ಗೆರೆ ಎಳೆದು ತೋರಿಸಬೇಕು. ವೈದ್ಯರು ಆಮೇಲೆ ತಿದ್ದುತ್ತಾರೆ.