ತೆರೆದ ಹೆಡ್‌ಫೋನ್, ಮುಚ್ಚಿದ ಹೆಡ್‌ಫೋನ್: ಕಿವಿಗೆ ಯಾವುದು ಹಿತ?



ಇಂದಿನ ವಿಷಯಕ್ಕೆ ಬರುವ ಮೊದಲು ಒಂದು ಚಿಕ್ಕ ಪ್ರಯೋಗ ಮಾಡೋಣ. ಅಡುಗೆಮನೆಯಿಂದ ಒಂದು ಖಾಲಿ ಚೊಂಬು ತನ್ನಿ. ಅದರ ಬಾಯನ್ನು ಕಿವಿಯ ಸುತ್ತ ಒತ್ತಿ ಹಿಡಿಯಿರಿ. ಹೊರಗಿನ ಮಾತುಕತೆ ಮಂಕಾಗುತ್ತದೆ. ಅದರ ಜೊತೆಗೆ 'ಗುಂ' ಎನ್ನುವ ಒಂದು ನಾದ ಕೇಳಿಸತೊಡಗುತ್ತದೆ. ಈಗ ಚೊಂಬನ್ನು ಕೆಳಗಿಟ್ಟು ಹಿಟ್ಟಿನ ಜರಡಿಯನ್ನು ಅದೇ ಕಿವಿಗೆ ಹಿಡಿಯಿರಿ. ಹೊರಗಿನ ಸದ್ದೆಲ್ಲ ಹಾಗೆಯೇ ಬರುತ್ತದೆ, 'ಗುಂ' ಎನ್ನುವ ನಾದ ಇರುವುದಿಲ್ಲ. ಮುಚ್ಚಿದ ಹೆಡ್‌ಫೋನ್ ಚೊಂಬಿನ ಜಾತಿಯದು, ತೆರೆದ ಹೆಡ್‌ಫೋನ್ ಜರಡಿಯ ಜಾತಿಯದು. ಇವೆರಡರ ಗುಣದೋಷಗಳೆಲ್ಲ ಹೆಚ್ಚುಕಡಿಮೆ ಈ ಒಂದು ಪ್ರಯೋಗದಲ್ಲಿ ಅಡಗಿವೆ.

ಮೊದಲು ಹೆಡ್‌ಫೋನಿನ ಒಳಗೆ ಏನಿದೆ ಎಂದು ನೋಡೋಣ. ಸಾಮಾನ್ಯವಾಗಿ ಅದರಲ್ಲಿ ಒಂದು ಕಾಂತ, ತೆಳುವಾದ ತಂತಿಯ ಸುರುಳಿ ಮತ್ತು ಆ ಸುರುಳಿಗೆ ಅಂಟಿಸಿದ ಹಗುರವಾದ ಪೊರೆ ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಕಾಂತದ ಪ್ರಭಾವದಿಂದ ಹಿಂದೆ ಮುಂದೆ ಚಲಿಸುತ್ತದೆ, ಜೊತೆಗೆ ಪೊರೆಯೂ ಅದುರುತ್ತದೆ. ಪೊರೆ ಮುಂದೆ ಸರಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನ ಗಾಳಿ ವಿರಳವಾಗುತ್ತದೆ. ಹಿಂದೆ ಸರಿದಾಗ ಇದಕ್ಕೆ ತದ್ವಿರುದ್ಧ. ಅಂದರೆ ಪೊರೆಯ ಎರಡು ಮುಖಗಳಿಂದಲೂ ಧ್ವನಿ ಹೊರಡುತ್ತದೆ. ಮುಂದಿನ ಅಲೆ ಕಿವಿಗೆ ಬೇಕಾದದ್ದು. ಹಿಂದಿನ ಅಲೆಯನ್ನು ಏನು ಮಾಡುವುದು? ತೆರೆದ ಮತ್ತು ಮುಚ್ಚಿದ ಹೆಡ್‌ಫೋನುಗಳು ಈ ಪ್ರಶ್ನೆಗೆ ಕೊಟ್ಟ ಎರಡು ಬೇರೆ ಬೇರೆ ಉತ್ತರಗಳು.

ಮುಚ್ಚಿದ ಹೆಡ್‌ಫೋನಿನಲ್ಲಿ ಪೊರೆಯ ಬೆನ್ನ ಹಿಂದೆ ಗಟ್ಟಿಯಾದ ಬಟ್ಟಲು ಇರುತ್ತದೆ. ಹಿಂದಿನ ಅಲೆ ಅದರೊಳಗೆ ಸೆರೆಯಾಗುತ್ತದೆ. ತೆರೆದ ಹೆಡ್‌ಫೋನಿನಲ್ಲಿ ಬಟ್ಟಲಿನ ಬದಲು ರಂಧ್ರಗಳುಳ್ಳ ಜಾಲರಿ ಇರುತ್ತದೆ. ಹಿಂದಿನ ಅಲೆ ಆ ಜಾಲರಿಯ ಮೂಲಕ ಕೋಣೆಗೆ ಹೋಗಿಬಿಡುತ್ತದೆ. ಇವೆರಡರ ನಡುವೆ, ಕೆಲವೇ ಕಂಡಿಗಳನ್ನು ಬಿಟ್ಟ ಅರೆತೆರೆದ ಮಾದರಿಯೂ ಉಂಟು.

ಇತಿಹಾಸದಲ್ಲಿ ಮುಚ್ಚಿದ್ದೇ ಮೊದಲು ಬಂದಿತು. 1910ರಲ್ಲಿ ಅಮೆರಿಕದ ಯೂಟಾ ರಾಜ್ಯದ ನಥೇನಿಯಲ್ ಬಾಲ್ಡ್ವಿನ್ ಎಂಬಾತ ತನ್ನ ಮನೆಯ ಅಡುಗೆಕೋಣೆಯಲ್ಲಿ ತಯಾರಿಸಿದ ಹೆಡ್‌ಫೋನುಗಳನ್ನು ಆ ದೇಶದ ನೌಕಾದಳ ಕೊಂಡುಕೊಂಡಿತು. ಅವು ಸಂಗೀತಕ್ಕಲ್ಲ, ರೇಡಿಯೋ ಸಂದೇಶ ಕೇಳುವುದಕ್ಕೆ. 1937ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆ ಸುರುಳಿ ಮತ್ತು ಪೊರೆಯ ತತ್ವದ ಮೇಲೆ 'ಡಿ.ಟಿ. 48' ಎಂಬ ಹೆಡ್‌ಫೋನನ್ನು ತಂದಿತು. 1958ರಲ್ಲಿ ಅಮೆರಿಕದ ಜಾನ್ ಕಾಸ್, ಮನೆಯಲ್ಲಿ ಕುಳಿತು ಸ್ಟೀರಿಯೋ ಸಂಗೀತ ಕೇಳಲೆಂದೇ ಹೆಡ್‌ಫೋನ್ ರೂಪಿಸಿದರು. ಹತ್ತು ವರ್ಷಗಳ ನಂತರ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಬೆನ್ನಿನ ಬಟ್ಟಲನ್ನೇ ತೆಗೆದುಹಾಕಿ 'ಎಚ್.ಡಿ. 414' ಎಂಬ ಮೊದಲ ತೆರೆದ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತು. ಹಳದಿ ಸ್ಪಂಜಿನ ಮೆತ್ತೆಗಳಿದ್ದ ಆ ಹಗುರ ಸಾಧನ ಲೋಕಪ್ರಿಯವಾಯಿತು. 1979ರಲ್ಲಿ ಜಪಾನಿನ ಸೋನಿ ಸಂಸ್ಥೆಯ ವಾಕ್‌ಮನ್ ಜೊತೆಗೆ ಬಂದದ್ದೂ ತೆಳು ಸ್ಪಂಜಿನ, ಸುಮಾರು 50 ಗ್ರಾಂ ತೂಕದ ಹೆಡ್‌ಫೋನೇ. ಹಗುರವಿದ್ದರೆ ಜನ ಅದನ್ನು ತೊಟ್ಟು ಬೀದಿಯಲ್ಲಿ ನಡೆಯುತ್ತಾರೆ ಎಂಬುದು ಆಗ ಸಿದ್ಧವಾಯಿತು.

ಈಗ ಧ್ವನಿಯ ಗುಣದ ಮಾತು. ಮುಚ್ಚಿದ ಬಟ್ಟಲಿನಲ್ಲಿ ಸೆರೆಯಾದ ಅಲೆ ಸುಮ್ಮನಿರುವುದಿಲ್ಲ. ಅದು ಗೋಡೆಗೆ ಬಡಿದು ಹಿಂದಿರುಗಿ, ಪೊರೆಯ ಬೆನ್ನಿಗೆ ತಾಗುತ್ತದೆ. ಕೆಲವು ಆವೃತ್ತಿಗಳಲ್ಲಿ ಬಟ್ಟಲಿನ ಗಾಳಿಯೇ ತನ್ನ ದನಿ ಸೇರಿಸುತ್ತದೆ. ಚೊಂಬಿನಲ್ಲಿ ನೀವು ಕೇಳಿದ 'ಗುಂ' ಇದೇ. ಭೌತಶಾಸ್ತ್ರದಲ್ಲಿ ಇದನ್ನು ಅನುನಾದ ಎನ್ನುತ್ತೇವೆ. ಒಳ್ಳೆಯ ತಯಾರಕರು ಬಟ್ಟಲಿನೊಳಗೆ ಹತ್ತಿ, ಉಣ್ಣೆ, ಸ್ಪಂಜು ಮುಂತಾದವನ್ನು ತುಂಬಿ, ಅದರ ಆಕಾರವನ್ನು ತಿದ್ದಿ ಈ ನಾದವನ್ನು ಬಹುಮಟ್ಟಿಗೆ ಅಡಗಿಸುತ್ತಾರೆ. ಅಗ್ಗದ ಸಾಧನಗಳಲ್ಲಿ ಅದು ಉಳಿದುಬಿಡುತ್ತದೆ. ಗಾಯಕರು ಡಬ್ಬದೊಳಗೆ ಕುಳಿತು ಹಾಡಿದಂತೆ ಕೇಳುತ್ತದೆ.

ತೆರೆದ ಹೆಡ್‌ಫೋನಿಗೆ ಈ ತೊಂದರೆ ಕಡಿಮೆ. ಆದರೆ ಅದಕ್ಕೆ ಬೇರೊಂದು ತೊಂದರೆ ಇದೆ. ಮುಂದಿನ ಅಲೆ ಮತ್ತು ಹಿಂದಿನ ಅಲೆ ಪರಸ್ಪರ ವಿರುದ್ಧ ಎಂದೆನಲ್ಲ, ಅವೆರಡೂ ಕೂಡಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಮಂದ್ರದ ಸ್ವರಗಳಲ್ಲಿ ಪೊರೆಯ ಅಂಚಿನ ಸುತ್ತ, ಮೆತ್ತೆಯ ಸಂದಿಗಳ ಮೂಲಕ ಗಾಳಿ ಹಿಂದಕ್ಕೂ ಮುಂದಕ್ಕೂ ಜಾರಿ ಈ ಅಳಿಸುವಿಕೆ ನಡೆಯುತ್ತದೆ. ಆದ್ದರಿಂದ ಅನೇಕ ತೆರೆದ ಹೆಡ್‌ಫೋನುಗಳಲ್ಲಿ ಅತಿ ಮಂದ್ರದ ನಾದ ತೆಳುವಾಗಿರುತ್ತದೆ. ಮುಚ್ಚಿದ ಹೆಡ್‌ಫೋನು ಕಿವಿಯ ಸುತ್ತ ಗಾಳಿಯಾಡದಂತೆ ಕೂತಾಗ ಮಂದ್ರ ತುಂಬಿ ಬರುತ್ತದೆ. 'ಕೂತಾಗ' ಎಂಬ ಮಾತನ್ನು ಗಮನಿಸಿ. ಕನ್ನಡಕದ ಕಡ್ಡಿಯೋ ದಪ್ಪ ಜಡೆಯೋ ಮೆತ್ತೆಯ ಅಡಿಯಲ್ಲಿ ಸಿಕ್ಕಿ ಒಂದು ಸಂದಿ ಬಿಟ್ಟರೂ ಸಾಕು, ಮಂದ್ರ ಅಲ್ಲಿಂದ ಸೋರಿಹೋಗುತ್ತದೆ. ಅದೇ ಹೆಡ್‌ಫೋನು ಅಣ್ಣನಿಗೆ ಗಂಭೀರವಾಗಿಯೂ ಕನ್ನಡಕದ ತಂಗಿಗೆ ಕೀರಲಾಗಿಯೂ ಕೇಳುವುದಕ್ಕೆ ಇದೇ ಕಾರಣ.

ಇನ್ನು ವೈಶಾಲ್ಯದ ಮಾತು. ನಿಜವಾದ ಕಛೇರಿಯಲ್ಲಿ ಎಡಗಡೆಯ ಪಿಟೀಲಿನ ಧ್ವನಿ ನಮ್ಮ ಎಡಗಿವಿಗೆ ಮೊದಲು ತಲುಪುತ್ತದೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಅವಧಿಯ ನಂತರ ಬಲಗಿವಿಗೂ ತಲುಪುತ್ತದೆ. ಈ ಅಂತರವನ್ನು ಲೆಕ್ಕಹಾಕಿ ಮೆದುಳು ದಿಕ್ಕನ್ನು ಗುರುತಿಸುತ್ತದೆ. ಹೆಡ್‌ಫೋನಿನಲ್ಲಿ ಎಡದ ಧ್ವನಿ ಎಡಕ್ಕೆ ಮಾತ್ರ, ಬಲದ್ದು ಬಲಕ್ಕೆ ಮಾತ್ರ. ಹಾಗಾಗಿ ವಾದ್ಯವೃಂದವೆಲ್ಲ ತಲೆಯೊಳಗೇ ಕುಳಿತಂತೆ ಭಾಸವಾಗುತ್ತದೆ. ತೆರೆದ ಹೆಡ್‌ಫೋನಿನಲ್ಲಿ ಬಟ್ಟಲಿನ ಪ್ರತಿಫಲನ ಇಲ್ಲದಿರುವುದರಿಂದಲೂ, ಕೋಣೆಯ ಸಹಜ ಸದ್ದು ಒಳಬರುವುದರಿಂದಲೂ ಈ ಭಾಸ ಸ್ವಲ್ಪ ಸಡಿಲವಾಗುತ್ತದೆ ಎಂದು ಅನೇಕರಿಗೆ ಅನಿಸುತ್ತದೆ. ಆದರೂ ಅದು ಸಭಾಂಗಣವಾಗುವುದಿಲ್ಲ. ತೆರೆದದ್ದೆಲ್ಲ ಶ್ರೇಷ್ಠ, ಮುಚ್ಚಿದ್ದೆಲ್ಲ ಕನಿಷ್ಠ ಎಂಬ ತೀರ್ಮಾನವೂ ಸರಿಯಲ್ಲ. ಚೆನ್ನಾಗಿ ತಯಾರಿಸಿದ ಮುಚ್ಚಿದ ಹೆಡ್‌ಫೋನು ಕಳಪೆಯಾದ ತೆರೆದ ಹೆಡ್‌ಫೋನಿಗಿಂತ ಖಂಡಿತ ಮೇಲು.

ಟೆಲಿವಿಷನ್ ಸ್ಟುಡಿಯೋದಲ್ಲಿ ನಾವು ಎರಡನ್ನೂ ಬಳಸುತ್ತೇವೆ, ಅದಕ್ಕೆ ಕಾರಣವಿದೆ. ಧ್ವನಿಮುದ್ರಣ ಕೊಠಡಿಯಲ್ಲಿ ಗಾಯಕಿ ಮೈಕಿನ ಮುಂದೆ ನಿಂತು, ಮೊದಲೇ ಮುದ್ರಿಸಿದ ಶ್ರುತಿ ಮತ್ತು ತಾಳವನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡುತ್ತಾರೆ. ಅದು ತೆರೆದ ಮಾದರಿಯಾಗಿದ್ದರೆ ಜಾಲರಿಯಿಂದ ಹೊರಬಂದ ತಾಳ ಮೈಕಿಗೆ ಸೇರುತ್ತದೆ. ಮುಂದೆ ಆ ತಾಳವನ್ನು ಬದಲಿಸಬೇಕಾದರೆ ಹಳೆಯದರ ನೆರಳು ಹಾಡಿನ ಹಿಂದೆ ಉಳಿದುಬಿಡುತ್ತದೆ. ಆದ್ದರಿಂದ ಅಲ್ಲಿ ಮುಚ್ಚಿದ್ದೇ ಬೇಕು. ಜಾತ್ರೆ, ಮೆರವಣಿಗೆಗಳ ನಡುವೆ ಕೆಲಸ ಮಾಡುವ ಧ್ವನಿಗ್ರಾಹಕರಿಗೂ ಮುಚ್ಚಿದ್ದೇ ಬೇಕು. ಇಲ್ಲದಿದ್ದರೆ ಮೈಕಿನಲ್ಲಿ ಬರುತ್ತಿರುವುದು ಯಾವುದು, ಬಯಲಿನಿಂದ ನೇರವಾಗಿ ಕಿವಿಗೆ ಬೀಳುತ್ತಿರುವುದು ಯಾವುದು ಎಂದು ತಿಳಿಯದು. ಆದರೆ ಮುದ್ರಣವೆಲ್ಲ ಮುಗಿದು, ಶಾಂತವಾದ ಕೋಣೆಯಲ್ಲಿ ಗಂಟೆಗಟ್ಟಲೆ ಕುಳಿತು ವಾದ್ಯಗಳ ಪ್ರಮಾಣ ಹೊಂದಿಸುವಾಗ ತೆರೆದ ಹೆಡ್‌ಫೋನು ಕಿವಿಗೆ ಹಿತ.

ಹಾಡುವವರು ಕೆಲವೊಮ್ಮೆ ಒಂದು ಕಿವಿಯ ಬಟ್ಟಲನ್ನು ಸರಿಸಿ ಹಾಡುವುದನ್ನು ನೀವು ನೋಡಿರಬಹುದು. ಎರಡು ಕಿವಿಗಳನ್ನೂ ಬೆರಳಿನಿಂದ ಮುಚ್ಚಿ 'ಈ' ಎಂದು ಉಚ್ಚರಿಸಿ ನೋಡಿ. ನಿಮ್ಮ ದನಿಯೇ ತಲೆಬುರುಡೆಯಲ್ಲಿ ಮೊಳಗುತ್ತದೆ. ಮೂಳೆಗಳ ಮೂಲಕ ಕಿವಿಗೆ ಬಂದ ಕಂಪನ ಹೊರಹೋಗಲಾರದೆ ಒಳಗೇ ಉಳಿಯುವುದರಿಂದ ಹೀಗಾಗುತ್ತದೆ. ಮುಚ್ಚಿದ ಹೆಡ್‌ಫೋನಿನಲ್ಲಿ ಸ್ವಲ್ಪಮಟ್ಟಿಗೆ ಇದೇ ಅನುಭವ. ಆನ್‌ಲೈನ್ ಪಾಠದಲ್ಲಿ ತಮ್ಮ ದನಿ ತಮಗೇ ವಿಚಿತ್ರವಾಗಿ ಕೇಳುತ್ತದೆ ಎನ್ನುವವರಿಗೆ ಉತ್ತರ ಇಲ್ಲಿದೆ.

ಹಿತದ ವಿಷಯದಲ್ಲಿ ಮೂರು ಅಂಶಗಳನ್ನು ನೋಡಬೇಕು: ತೂಕ, ಒತ್ತಡ, ಸೆಕೆ. ಮುಚ್ಚಿದ ಹೆಡ್‌ಫೋನು ಸಂದಿಯಿಲ್ಲದೆ ಕೂರಬೇಕಾದ್ದರಿಂದ ತಲೆಯ ಎರಡೂ ಬದಿಯನ್ನು ತುಸು ಬಿಗಿಯಾಗಿ ಹಿಡಿಯುತ್ತದೆ. ಕನ್ನಡಕ ಹಾಕುವವರಿಗೆ ಕಿವಿಯ ಮೇಲ್ಭಾಗ ನೋಯುತ್ತದೆ. ಕೃತಕ ಚರ್ಮದ ಮೆತ್ತೆ ಗಾಳಿಯನ್ನು ಬಿಡುವುದಿಲ್ಲ. ಮಂಗಳೂರಿನ ಏಪ್ರಿಲ್ ತಿಂಗಳಲ್ಲಿ ಅರ್ಧ ಗಂಟೆಯೊಳಗೆ ಕಿವಿ ಬೆವರುತ್ತದೆ. ಮಕಮಲ್ಲಿನ ಮೆತ್ತೆ ತಂಪಾಗಿದ್ದರೂ ಬೆವರನ್ನು ಹೀರುತ್ತದೆ, ಆಗಾಗ ಶುಚಿಗೊಳಿಸಬೇಕು. ತೆರೆದ ಹೆಡ್‌ಫೋನಿನಲ್ಲಿ ಗಾಳಿಯಾಡುತ್ತದೆ, ದೀರ್ಘಕಾಲ ತೊಡಬಹುದು. ಆದರೆ ನೀವು ಕೇಳುವುದೆಲ್ಲ ಪಕ್ಕದವರಿಗೂ ಕೇಳುತ್ತದೆ. ಗ್ರಂಥಾಲಯಕ್ಕೂ ಹಾಸ್ಟೆಲಿನ ಹಂಚಿಕೆಯ ಕೋಣೆಗೂ ಅದು ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು ಕಿವಿಯ ಸುರಕ್ಷತೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಧ್ವನಿಯ ಕಂಪನವನ್ನು ನರಕ್ಕೆ ಒಪ್ಪಿಸುವವು ಇವೇ. ಒಮ್ಮೆ ಸತ್ತರೆ ಮನುಷ್ಯರಲ್ಲಿ ಇವು ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಮಿತಿ 80 ಡೆಸಿಬಲ್, ವಾರಕ್ಕೆ 40 ಗಂಟೆ. ಮಕ್ಕಳಿಗೆ ಇನ್ನೂ ಕಡಿಮೆ, 75 ಡೆಸಿಬಲ್. 3 ಡೆಸಿಬಲ್ ಹೆಚ್ಚಾದರೆ ಧ್ವನಿಯ ಶಕ್ತಿ ಇಮ್ಮಡಿಯಾಗುತ್ತದೆ, ಆದ್ದರಿಂದ ಅವಧಿ ಅರ್ಧವಾಗಬೇಕು. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ.

ಈಗ ಒಂದು ಲೆಕ್ಕ ಮಾಡೋಣ. ಬಸ್ಸಿನೊಳಗಿನ ಗದ್ದಲ 76 ಡೆಸಿಬಲ್ ಎಂದಿಟ್ಟುಕೊಳ್ಳಿ. ಹಾಡು ಸ್ಪಷ್ಟವಾಗಿ ಕೇಳಬೇಕಾದರೆ ಅದಕ್ಕಿಂತ 10 ಡೆಸಿಬಲ್ ಹೆಚ್ಚಿರಲಿ. ತೆರೆದ ಹೆಡ್‌ಫೋನು ಗದ್ದಲವನ್ನು ತಡೆಯದು, ಹಾಗಾಗಿ ನೀವು 86ಕ್ಕೆ ಏರಿಸುತ್ತೀರಿ. ಕಾಲೇಜಿಗೆ ಹೋಗಿಬರುವುದು ದಿನಕ್ಕೆ 2 ಗಂಟೆ, ವಾರಕ್ಕೆ 6 ದಿನ, ಒಟ್ಟು 12 ಗಂಟೆ. ಮಿತಿ 10 ಗಂಟೆ. ಅಲ್ಲಿಗೆ ದಾಟಿತು! ಮುಚ್ಚಿದ ಹೆಡ್‌ಫೋನು ಗದ್ದಲವನ್ನು 10 ಡೆಸಿಬಲ್ ತಗ್ಗಿಸಿದರೂ ಹಾಡಿಗೆ 76 ಸಾಕು. ಅದೇ ಹಾಡು, ಅದೇ ಬಸ್ಸು; ಹದಿನೆಂಟು ತುಂಬಿದವರ ಕಿವಿ ಸುರಕ್ಷಿತ. ಅದಕ್ಕಿಂತ ಚಿಕ್ಕವರು ಇನ್ನೂ ಒಂದು ಮೆಟ್ಟಿಲು ಇಳಿಸಿ ಕೇಳಬೇಕು.

ಆದರೆ ಗಟ್ಟಿ ಬಟ್ಟಲು ತಾರದ ಸದ್ದನ್ನು ತಡೆದಷ್ಟು ಸುಲಭವಾಗಿ ಎಂಜಿನ್ನಿನ ಮಂದ್ರದ ಮೊರೆತವನ್ನು ತಡೆಯಲಾರದು. 1978ರಲ್ಲಿ ವಿಮಾನಯಾನ ಮಾಡುತ್ತಿದ್ದಾಗ ಬಂಗಾಳಿ ಮೂಲದ ಅಮೆರಿಕನ್ ವಿಜ್ಞಾನಿ ಅಮರ್ ಬೋಸ್ ಇದಕ್ಕೊಂದು ಪರಿಹಾರ ಯೋಚಿಸಿದರು. ಹೊರಗಿನ ಸದ್ದನ್ನು ಪುಟ್ಟ ಮೈಕಿನಿಂದ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಸೃಷ್ಟಿಸಿ ಎರಡನ್ನೂ ಅಳಿಸುವ ಉಪಾಯ ಅದು. ಅವರ ಸಂಸ್ಥೆಯ ಅಂಥ ಹೆಡ್‌ಸೆಟ್ ವಿಮಾನ ಚಾಲಕರಿಗಾಗಿ 1989ರಲ್ಲಿ ಮಾರುಕಟ್ಟೆಗೆ ಬಂದಿತು. ಇಂದು ಆ ತಂತ್ರ ಕಿವಿಯೊಳಗಿಡುವ ಪುಟ್ಟ ಸಾಧನಗಳಲ್ಲೂ ಇದೆ. ತೆರೆದ ಹೆಡ್‌ಫೋನಿನಲ್ಲಿ ಮಂದ್ರವನ್ನು ಕೆಡಿಸಿದ ಅದೇ ಅಳಿಸುವಿಕೆ ಇಲ್ಲಿ ಉಪಕಾರಿಯಾಗಿದೆ.

ಇಷ್ಟಾದರೂ ಒಂದು ಎಚ್ಚರಿಕೆ ಹೇಳಲೇಬೇಕು. ರಸ್ತೆ ದಾಟುವಾಗ, ಸೈಕಲ್ ತುಳಿಯುವಾಗ, ರೈಲು ಹಳಿಯ ಬಳಿ ನಡೆಯುವಾಗ ಹೊರಗಿನ ಸದ್ದೇ ನಿಮ್ಮ ಕಾವಲುಗಾರ. ಬಸ್ಸಿನೊಳಗೆ ಕಿವಿಯನ್ನು ಕಾಯುವ ಮುಚ್ಚಿದ ಹೆಡ್‌ಫೋನೇ ಅಲ್ಲಿ ಪ್ರಾಣಕ್ಕೆ ಎರವಾಗಬಹುದು. ಅಲ್ಲಿ ಯಾವ ಹೆಡ್‌ಫೋನೂ ಬೇಡ.

ಕೊಳ್ಳುವ ಮೊದಲು ಪರೀಕ್ಷಿಸುವುದು ಹೇಗೆ? ನಿಮಗೆ ಚೆನ್ನಾಗಿ ಪರಿಚಯವಿರುವ ಒಂದೇ ಮುದ್ರಿಕೆಯನ್ನು ಎರಡರಲ್ಲೂ ಕೇಳಿ. ಕರ್ನಾಟಕ ಸಂಗೀತದ ಒಂದು ಕಛೇರಿ ಇದಕ್ಕೆ ಸೊಗಸಾಗಿ ಒದಗುತ್ತದೆ. ತಂಬೂರಿಯ ಝೇಂಕಾರದಲ್ಲಿ ತಾರದ ಎಳೆಗಳು ಬಿಡಿಬಿಡಿಯಾಗಿ ಕೇಳಬೇಕು. ಮೃದಂಗದ ಎಡಮುಖದ ಗುಂಕಾರ ತುಂಬಿರಬೇಕು, ಆದರೆ ಹಾಡನ್ನು ಮುಚ್ಚಬಾರದು. ಬಲಮುಖದ ಸ್ಪಷ್ಟ ಶ್ರುತಿ ಕೇಳಬೇಕು. ಆ ಶ್ರುತಿಗೆ ಅಲ್ಲಿ ಮೆತ್ತಿದ ಕಪ್ಪು ಕರಣೆ ಕಾರಣವೆಂದು ಸರ್ ಸಿ.ವಿ. ರಾಮನ್ ಮತ್ತು ಅವರ ಸಹೋದ್ಯೋಗಿ 1920ರಲ್ಲಿಯೇ ವಿವರಿಸಿದ್ದರು. ಹೋಲಿಸುವಾಗ ಎರಡರ ಧ್ವನಿಯ ಮಟ್ಟವೂ ಒಂದೇ ಇರಲಿ. ತುಸು ಜೋರಾಗಿರುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಬೆಲೆ, ಹೆಸರುಗಳನ್ನು ಗೆಳೆಯರು ಮರೆಮಾಡಲಿ. ಕೊನೆಗೆ, ಕನ್ನಡಕವಿದ್ದರೆ ಅದನ್ನೂ ಹಾಕಿಕೊಂಡು, ಇಪ್ಪತ್ತು ನಿಮಿಷ ತೊಟ್ಟು ಕುಳಿತುಕೊಳ್ಳಿ. ಅಂಗಡಿಯಲ್ಲಿ ಎರಡು ನಿಮಿಷ ಹಿತವೆನಿಸಿದ್ದು ಇಪ್ಪತ್ತನೆಯ ನಿಮಿಷಕ್ಕೆ ತಲೆನೋವಾಗಬಹುದು.

ಒಟ್ಟಿನಲ್ಲಿ, ಮನೆಯ ಶಾಂತ ಕೋಣೆಯಲ್ಲಿ ಒಬ್ಬರೇ ಕುಳಿತು ಸಂಗೀತ ಕೇಳುವವರಿಗೆ ತೆರೆದದ್ದು, ಬಸ್ಸು, ಹಾಸ್ಟೆಲು, ಧ್ವನಿಮುದ್ರಣಗಳಿಗೆ ಮುಚ್ಚಿದ್ದು. ಒಂದನ್ನೇ ಕೊಳ್ಳಲು ಶಕ್ತಿಯಿರುವ ವಿದ್ಯಾರ್ಥಿಗಳು ತಾವು ದಿನದ ಹೆಚ್ಚು ಹೊತ್ತು ಎಲ್ಲಿ ಕುಳಿತು ಕೇಳುತ್ತೇವೆ ಎಂದು ಮೊದಲು ಯೋಚಿಸಲಿ. ಯಾವುದನ್ನು ಕೊಂಡರೂ ಗಂಟೆಗೊಮ್ಮೆ ತೆಗೆದಿಟ್ಟು ಕಿವಿಗೆ ಸ್ವಲ್ಪ ಬಿಡುವು ಕೊಡಿ. ಹೆಡ್‌ಫೋನು ಕೆಟ್ಟರೆ ಇನ್ನೊಂದು ತರಬಹುದು, ಕಿವಿಗೆ ಆ ಅನುಕೂಲವಿಲ್ಲ.