ಮುದ್ರೆ ಬದಲಾಯಿತು, ವರಹ ಉಳಿಯಿತು

ಹದಿನೆಂಟನೆಯ ಶತಮಾನದಲ್ಲಿ ಬಳ್ಳಾರಿ ಕೋಟೆಗೆ ಒಡೆಯರು ಬದಲಾಗುತ್ತಲೇ ಇದ್ದರು: ಹಂಡೆ ಪಾಳೆಯಗಾರರು, ಹೈದರಾಲಿ, ಟಿಪ್ಪು, ನಿಜಾಮ, ಕೊನೆಗೆ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿ. ಅಷ್ಟೆಲ್ಲ ಆದರೂ ದೊಡ್ಡ ವ್ಯವಹಾರದ ಲೆಕ್ಕ ಮಾತ್ರ ವರಹವೆಂಬ ಚಿನ್ನದ ನಾಣ್ಯದಲ್ಲೇ ನಡೆಯಿತು.

ಇದರ ಬೇರು ಹಳೆಯದು. ಕುರುಗೋಡಿನಲ್ಲಿ ಸಿಂದರು ಆಳುತ್ತಿದ್ದಾಗ ಈ ಸೀಮೆಯ ದಾನ, ತೆರಿಗೆಗಳನ್ನು ಗದ್ಯಾಣವೆಂಬ ಚಿನ್ನದ ನಾಣ್ಯದಲ್ಲಿ ಎಣಿಸುತ್ತಿದ್ದರು. ವಿಜಯನಗರದ ಕಾಲಕ್ಕೆ ವರಹ ಬಂತು. ತೂಕ ಸುಮಾರು 3.4 ಗ್ರಾಂ. ಅರ್ಧ ವರಹ ಒಂದು ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಒಂದು ಹಣ ಎಂದು 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬರೆದಿಟ್ಟಿದ್ದಾನೆ. ಆ ಚಿನ್ನದ ಹಣ ತೊಗರಿ ಬೇಳೆಯಷ್ಟೇ ಅಗಲ.

ಮುದ್ರೆಗಳು ಬಗೆಬಗೆ. ಮೊದಲ ಅರಸರದು ಹನುಮ, ಕೃಷ್ಣದೇವರಾಯನದು ಬಾಲಕೃಷ್ಣ, ಅಚ್ಯುತರಾಯನದು ಗಂಡಭೇರುಂಡ. ಆದರೆ ನಾಣ್ಯ ಪರೀಕ್ಷಿಸುವ ಚಿನಿವಾರನಿಗೆ ಬೇಕಾದದ್ದು ತೂಕ ಮತ್ತು ಒರೆಗಲ್ಲಿನ ಮೇಲೆ ಬಿದ್ದ ಗೆರೆ.

ಪೇಟೆ ನಂಬಿದ ನಾಣ್ಯವನ್ನು ಹೊಸ ಒಡೆಯರೂ ಕೆಡಿಸಲಿಲ್ಲ. ಇಕ್ಕೇರಿ ನಾಯಕರ ಬಿದನೂರನ್ನು ಗೆದ್ದ ಹೈದರಾಲಿ ಅವರ ನಾಣ್ಯದ ಶಿವಪಾರ್ವತಿಯರನ್ನು ಹಾಗೇ ಉಳಿಸಿ, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಇಂಗ್ಲೆಂಡಿನಲ್ಲಿ ಎಂಟು ಗ್ರಾಂ ಮೀರಿದ ಚಿನ್ನದ ಗಿನಿಯ ಮೇಲೆ ರಾಜನ ಮುಖ ಮೆರೆಯುತ್ತಿತ್ತು. ಅದೇ ರಾಜ್ಯದ ಕಂಪನಿ ಮದರಾಸಿನಲ್ಲಿ ಟಂಕಿಸಿದ್ದು ವಿಷ್ಣುವಿರುವ ವರಹವನ್ನು! ಹಿಂಬದಿಗೆ ನಕ್ಷತ್ರ ಮೂಡಿದಾಗಲೂ ಮುಂಬದಿಯ ದೇವರು ಕದಲಲಿಲ್ಲ.

ಬಳ್ಳಾರಿ ಕಂಪನಿಗೆ ಸೇರಿದ ಮೇಲೆ 1807ರವರೆಗೆ ಥಾಮಸ್ ಮನ್ರೋ ಇಲ್ಲಿಯ ಪ್ರಧಾನ ಕಲೆಕ್ಟರ್. ಸಿರುಗುಪ್ಪದ ಕಾಲುವೆ ಗದ್ದೆಯಿರಲಿ, ಒಣ ಎರೆ ಹೊಲವಿರಲಿ, ಕಂದಾಯದ ಲೆಕ್ಕ ವರಹದಲ್ಲೇ. 1818ರಲ್ಲಿ ಮದರಾಸು ಪ್ರಾಂತ್ಯ ರೂಪಾಯಿಗೆ ತಿರುಗಿತು. ಒಂದು ನಕ್ಷತ್ರ ವರಹಕ್ಕೆ ಮೂರೂವರೆ ರೂಪಾಯಿ ದರ. 1835ರ ಕಾಯಿದೆಯ ನಂತರ ಚಿನ್ನದ ನಾಣ್ಯಕ್ಕೆ ಕಾನೂನಿನ ಚಲಾವಣೆಯೂ ಇಲ್ಲವಾಯಿತು. ಕಂಪನಿಯ ರೂಪಾಯಿಯ ಮೇಲೆ ಇಂಗ್ಲೆಂಡಿನ ರಾಜ ನಾಲ್ಕನೆಯ ವಿಲಿಯಂನ ಮುಖ ಬಂತು. ವರಹಗಳು ಕರಗಿ ಒಡವೆಯಾದವು, ಕೆಲವು ಮಣ್ಣು ಸೇರಿದವು.

ಪಾಯ ತೋಡುವಾಗಲೋ ಹೊಲ ಉಳುವಾಗಲೋ ಅಂಥ ನಾಣ್ಯ ಸಿಕ್ಕರೆ ಅಕ್ಕಸಾಲಿಗನ ಬಳಿಗೆ ಓಡಬೇಡಿ. ಇಂಥ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ ನಿಧಿ ಕಾಯಿದೆ ಹೇಳುತ್ತದೆ. ಕರಗಿಸಿದರೆ ಚಿನ್ನದ ಬೆಲೆಯಷ್ಟೇ ಕೈಗೆ ಬರುತ್ತದೆ. ಯಾವ ಊರಿನ ಯಾವ ಮಣ್ಣಲ್ಲಿ, ಯಾವ ಮುದ್ರೆಗಳ ಜೊತೆ ಸಿಕ್ಕಿತು ಎಂಬುದು ದಾಖಲಾದರೆ, ನಮ್ಮ ಸಂತೆ-ಪೇಟೆಗಳಿಗೆ ಎಲ್ಲೆಲ್ಲಿಯ ನಂಟಿತ್ತೆಂದು ಊರಿಗೇ ತಿಳಿಯುತ್ತದೆ.