ಮನೆ, ಶಾಲೆ ಮತ್ತು ಊರು
(ಶಿಕ್ಷಕರ ಹಾಗೂ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಕ್ಕಳ ಕಲಿಕೆಯಲ್ಲಿ ಪಾಲಕರ ಹೊಣೆಯೇನೆಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನಮಗೆ ಅಪ್ಪಣೆ ಮಾಡಿರುವಿರಿ. ವಿಷಯವನ್ನು ಕೇಳಿದೊಡನೆ ನಮಗೆ ತುಸು ಅಳುಕಾಯಿತು. ಹೊಣೆಯ ಮಾತು ಬಂದಲ್ಲೆಲ್ಲ ಶಿಕ್ಷಕನು ಪಾಲಕನನ್ನು ತೋರಿಸುವದು, ಪಾಲಕನು ಶಿಕ್ಷಕನನ್ನು ತೋರಿಸುವದು, ಇಬ್ಬರೂ ಕೂಡಿ ಸರಕಾರವನ್ನು ತೋರಿಸುವದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ನಡುವೆ ನಿಂತ ಮಗುವಿನ ಕಡೆಗೆ ಮಾತ್ರ ಯಾರೂ ಕೈಮಾಡುವದಿಲ್ಲ.

ಊರೂ ವಿದ್ಯೆಯೂ ಕೂಡಿ ನಡೆಯುವದು ನಮ್ಮ ನಾಡಿಗೆ ಹೊಸದಲ್ಲ. ವಾರಾನ್ನದ ಪದ್ಧತಿಯನ್ನು ಇಲ್ಲಿಯ ಹಿರಿಯರು ಕೇಳಿಯಾದರೂ ಬಲ್ಲರು. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗನು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ವಿದ್ಯೆಯನ್ನು ಸಂಪಾದಿಸುತ್ತಿದ್ದನು. ಎಲೆಯ ಮುಂದೆ ಕುಳಿತವನನ್ನು 'ಏನು ಓದಿದೆಯಪ್ಪಾ, ಪರೀಕ್ಷೆ ಯಾವಾಗ?' ಎಂದು ಮನೆಯಾಕೆಯು ಕೇಳುವಳು. ಆಕೆಗೆ ಅಕ್ಷರ ಬಾರದಿರಬಹುದು. ಆದರೆ ಅನ್ನವಿಕ್ಕಿದ ಕೈಗೆ ಕೇಳುವ ಅಧಿಕಾರವಿದ್ದಿತು. ಹಳೆಯದನ್ನು ಕೊಂಡಾಡುವಾಗ ಅದರ ಕುಂದನ್ನೂ ಹೇಳದೆ ಇರುವದು ಭಟ್ಟಂಗಿತನವಾದೀತು. ಆ ಎಲೆಯನ್ನು ಎಲ್ಲರಿಗೂ ಹಾಕುತ್ತಿರಲಿಲ್ಲ. ಜಾತಿಯನ್ನು ನೋಡಿಯೇ ಹೊಸ್ತಿಲು ತೆರೆಯುತ್ತಿತ್ತು. ಹೆಣ್ಣುಮಕ್ಕಳ ಪಾಲಿಗಂತೂ ಆ ದಾರಿಯೇ ಇರಲಿಲ್ಲ. ಮಠಗಳ ಪ್ರಸಾದನಿಲಯಗಳೂ ನಾನಾ ಸಮಾಜಗಳ ವಸತಿಗೃಹಗಳೂ ಹುಟ್ಟಿದ ಮೇಲೆ ಪಂಕ್ತಿಯು ಬೆಳೆಯಿತು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳು ದೊರೆಯುತ್ತಿರುವದನ್ನು ತಾವೆಲ್ಲ ಬಲ್ಲಿರಿ.

೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವು ಆ ಪಂಕ್ತಿಯನ್ನು ಶಾಲೆಯ ಅಂಗಳಕ್ಕೇ ತಂದಿತು. ಅದಕ್ಕೆ ಒಂದು ವರ್ಷ ಮುಂಚೆ, ೨೦೦೧ರಲ್ಲಿ, ಶಾಲೆಗೊಂದು ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಏರ್ಪಟ್ಟಿತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯಂತೂ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ವಿಧಿಸಿದೆ. ಅನ್ನವೂ ಬಂದಿತು, ಅಧಿಕಾರವೂ ಬಂದಿತು. ಆದರೆ ಆ ಮನೆಯಾಕೆಯ ಪ್ರಶ್ನೆ ಎಲ್ಲಿ ಹೋಯಿತು?

ಕೆಲವು ಕಾಲದ ಹಿಂದೆ ನಾವು ಒಂದು ಊರಿನ ಸಮಿತಿಯ ಸಭೆಗೆ ಹೋಗಿದ್ದೆವು. ಊರಿನ ಹೆಸರು ಬೇಡ. ತಮ್ಮೂರೆಂದೇ ತಿಳಿದರೂ ಬಾಧೆಯಿಲ್ಲ. ಒಂದು ತಾಸು ಚರ್ಚೆ ನಡೆಯಿತು. ಆವರಣದ ಗೋಡೆ, ಅದರ ಬಣ್ಣ, ನೀರಿನ ತೊಟ್ಟಿ, ಬಣ್ಣಕ್ಕೆ ತಗಲಿದ ಹಣ, ಮತ್ತೆ ಗೋಡೆ. ಇವು ಬೇಡವಾದ ಮಾತುಗಳೆಂದು ನಾವು ಹೇಳುವದಿಲ್ಲ. ಆದರೆ ಮೂರನೆಯ ಇಯತ್ತೆಯಲ್ಲಿ ಎಷ್ಟು ಮಕ್ಕಳು ಓದಬಲ್ಲರೆಂಬ ಮಾತು ಯಾರ ಬಾಯಿಂದಲೂ ಹೊರಡಲಿಲ್ಲ. ಸಭೆ ಮುಗಿದು ವಹಿಯಲ್ಲಿ ಹೆಬ್ಬೆಟ್ಟುಗಳು ಬಿದ್ದವು. ಬಾಗಿಲ ಬದಿಗೆ ಕುಳಿತಿದ್ದ ಸದಸ್ಯೆಯೊಬ್ಬಳು, ನಾವು ಹೊರಗೆ ಬರುವಾಗ ಸೆರಗು ಹಿಡಿದು ನಿಂತು ಕೇಳಿದಳು: 'ನನ್ನ ಮಗಳು ಖರೇನ ಓದ್ತಾಳೋ, ಬಾಯಿಪಾಠ ಹೇಳ್ತಾಳೋ, ಅಕ್ಷರ ಬರಲಾರದ ನನಗ ಹ್ಯಾಂಗ ತಿಳೀಬೇಕ್ರಿ?'

ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಅದನ್ನು ಅಂಗಳದಲ್ಲಿ ಕೇಳಬೇಕಾಯಿತು.

ಉತ್ತರವು ಕಠಿಣವಾದುದಲ್ಲ. ಪುಟವನ್ನು ಮಗು ತೆರೆಯಬಾರದು, ತಾಯಿಯೇ ತೆರೆಯಬೇಕು. ಸಾಲಿನ ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು 'ಇದೇನು?' ಎಂದು ಕೇಳಬೇಕು. ಬಾಯಿಪಾಠದ ಮಗುವು ಸಾಲಿನ ಮೊದಲಿಗೆ ಓಡಿಹೋಗಿ ಗುಣುಗುಣಿಸುತ್ತ ಬರುವದು. ಓದುವ ಮಗುವು ಬೆರಳಿನಡಿಯ ಶಬ್ದವನ್ನೇ ಹೇಳುವದು. ಬಳಿಕ ಪುಸ್ತಕವನ್ನು ಮುಚ್ಚಿ, ಓದಿದ ಕತೆಯನ್ನು ಮನೆಯ ಮಾತಿನಲ್ಲಿ ಹೇಳಿಸಬೇಕು. ಬಸ್ಸಿನ ಫಲಕ, ಪಡಿತರದ ಚೀಟಿ, ಔಷಧದ ಸೀಸೆ, ಎಲ್ಲವೂ ಪಾಠಪುಸ್ತಕವೇ. ಶಿಕ್ಷಕ ಬಂಧುಗಳೇ, ಇಷ್ಟನ್ನು ತಾಯಂದಿರಿಗೆ ಕಲಿಸಿಕೊಡಲು ಅರ್ಧ ತಾಸು ಸಾಕು. 'ಮನೆಯಲ್ಲಿ ಓದಿಸಿರಿ' ಎಂದು ಚೀಟಿ ಬರೆದು ಕಳಿಸಿದರೆ ಆ ಚೀಟಿಯನ್ನು ಆಕೆಯು ಯಾರಿಂದ ಓದಿಸಬೇಕು?

೨೦೨೦ರ ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ 'ವಿದ್ಯಾಗಮ' ಎಂಬ ಹೆಸರಿನಿಂದ ಶಿಕ್ಷಕರು ಓಣಿಗಳಿಗೇ ಹೋದರು. ಗುಡಿಯ ಪೌಳಿಯಲ್ಲಿ, ಮರದ ನೆರಳಿನಲ್ಲಿ ಪಾಠಗಳಾದವು. ಸೋಂಕಿನ ಭಯದಿಂದ ಅಕ್ಟೋಬರದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಭಯವು ಸುಳ್ಳಾಗಿರಲಿಲ್ಲ. ಆದರೆ ಆ ಕೆಲವು ವಾರಗಳಲ್ಲಿ ತಾಯಂದಿರು ಹೊಸ್ತಿಲಲ್ಲಿ ನಿಂತು ತಮ್ಮ ಮಗು ಕಲಿಯುವದನ್ನು ಕಣ್ಣಾರೆ ಕಂಡರು. ಶಾಲೆಗಳು ಮತ್ತೆ ತೆರೆದವು, ಆ ನೋಟಕ್ಕೆ ಮಾತ್ರ ಬಾಗಿಲು ಬಿದ್ದಿತು. ತಿಂಗಳಿಗೊಮ್ಮೆ ಒಂದು ಪಾಠವನ್ನು ಓಣಿಯಲ್ಲಿ ನಡೆಸಲು ಬಾರದೆ? ಊರ ಮುಂದಿನ ಓಣಿಯಲ್ಲಿ ಮಾತ್ರವೇ ಅಲ್ಲ, ಊರ ಹೊರಗಿನ ಕೇರಿಯಲ್ಲಿಯೂ.

ಪಟ್ಟಣದ ಮಹನೀಯರಿಗೂ ಒಂದು ಮಾತು. ನಮ್ಮ ಮಕ್ಕಳನ್ನು ಬೇರೆ ಶಾಲೆಗೆ ಕಳಿಸಿ, ಕನ್ನಡ ಶಾಲೆಯ ಉದ್ಧಾರವನ್ನು ಕುರಿತು ಭಾಷಣ ಮಾಡುವವರು ನಾವು. (ನಗುವವರು ನಗಲಿ, ಈ ವೇದಿಕೆಯ ಮೇಲೂ ಅಂಥವರು ಇದ್ದೇವೆ.) ಸಭೆಯನ್ನು ಹಗಲು ಹನ್ನೊಂದು ಗಂಟೆಗೆ ಗೊತ್ತುಮಾಡಿ, ಬಡವರಿಗೆ ಆಸ್ಥೆಯಿಲ್ಲವೆಂದು ದೂರುವವರೂ ನಾವೇ. ಕೂಲಿಯವನಿಗೆ ಆ ಸಭೆಯ ಬೆಲೆ ಒಂದು ದಿನದ ಕೂಲಿ. ನಮ್ಮ ಸಂಬಳವನ್ನು ಹಾಗೆ ಕಡಿದರೆ ನಮ್ಮಲ್ಲಿ ಎಷ್ಟು ಜನರು ಬಂದೇವು?

ನಾವು ಹೇಳಿದ ಆ ಊರಿನಲ್ಲಿ ಅಮಾವಾಸ್ಯೆಯ ದಿನ ಎತ್ತಿಗೆ ನೊಗ ಹಾಕುವದಿಲ್ಲ, ಹೊಲಗೆಲಸಕ್ಕೆ ಬಿಡುವು. ಆ ದಿನ ಸಂಜೆಗೆ ಸಭೆಯನ್ನು ಕರೆಯಿರೆಂದು ಮುಖ್ಯಾಧ್ಯಾಪಕರಿಗೆ ಅರಿಕೆ ಮಾಡಿದೆವು. ಅವರು ಸಂತೋಷದಿಂದ ಒಪ್ಪಿರುವರು. ಬರುವ ಅಮಾವಾಸ್ಯೆಗೆ ಸಭೆ ಸೇರಲಿದೆ. ಗೋಡೆಯ ಮಾತು ಆ ದಿನ ಇಲ್ಲ; ಮೂರನೆಯ ಇಯತ್ತೆಯ ಪುಸ್ತಕವನ್ನು ನಡುವೆ ಇಡುವರು. ಬಾಗಿಲ ಬದಿಯ ತಾಯಿಯನ್ನು ಮುಂದೆ ಕೂಡ್ರಿಸುವದಾಗಿಯೂ ಹೇಳಿರುವರು. ನಾವು ಹೋಗುವವರಿದ್ದೇವೆ, ತಮ್ಮಲ್ಲಿ ಬರುವವರಿದ್ದರೆ ನಮ್ಮ ಸಂಗಡ ಬರಬಹುದು.